ಕನ್ನಡಿಗೆ ಸೀಮೆಸುಣ್ಣ

ಮೊದಲು ಹಾಳಾದದ್ದು ಬಿಳಿ ಬಣ್ಣದ ಒಂದು ಸಣ್ಣ ಕಾರಿನ ಬಲಗಡೆಯ ಕನ್ನಡಿ. ಲಾರಿಗೆ ಹತ್ತಿಸುವ ಮುಂಚಿನ ಕೊನೆಯ ತಪಾಸಣೆಗೆಂದು ನಾನು ಸಾಲುಗಳ ನಡುವೆ ನಡೆಯುತ್ತಿದ್ದೆ. ಗಾಜು ತನ್ನ ಕಪ್ಪು ಪ್ಲಾಸ್ಟಿಕ್ ಕವಚದಿಂದ ಅರ್ಧ ಹೊರಬಂದು, ಬೀಳಲಿರುವ ಹಾಲುಹಲ್ಲಿನ ಹಾಗೆ ನೇತಾಡುತ್ತಿತ್ತು. ಕಾರಿನ ಪಕ್ಕದ ಕನ್ನಡಿಯಲ್ಲಿ ಗಾಜನ್ನು ಒಂದು ಪ್ಲಾಸ್ಟಿಕ್ ತಟ್ಟೆಗೆ ಅಂಟಿಸಿರುತ್ತಾರೆ. ಆ ತಟ್ಟೆ ಕವಚದೊಳಗಿನ ಗುಂಡನೆಯ ಗುಬಟಿಗೆ ಕಚ್ಚಿಕೊಂಡು ಕೂತಿರುತ್ತದೆ. ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಟಕ್ಕೆಂದು ಜಾಗಕ್ಕೆ ಸೇರುತ್ತದೆ. ಒತ್ತಿದೆ, ಸೇರಿತು. ಕಾರ್ಖಾನೆಯಲ್ಲೇ ಸರಿಯಾಗಿ ಕೂರಿಸಿರಲಿಲ್ಲವೇನೋ ಅಂದುಕೊಂಡು ಮುಂದೆ ಹೋದೆ.

ಆ ವಾರ ಮುಗಿಯುವಷ್ಟರಲ್ಲಿ ಅಂಥವು ಇನ್ನೂ ಕೆಲವು ಸಿಕ್ಕವು. ಕೆಲವುಗಳ ಗಾಜು ಬಿರುಕು ಬಿಟ್ಟಿತ್ತು. ಕೆಲವುಗಳ ಕವಚವೇ ಬುಡದಿಂದ ತಿರುಚಿಕೊಂಡಿತ್ತು. ಎರಡು ಕಾರುಗಳಲ್ಲಂತೂ ಗಾಜು ಇರಲೇ ಇಲ್ಲ. ಖಾಲಿ ಕವಚ ಬಾಯಿ ತೆರೆದುಕೊಂಡು ನಿಂತಿತ್ತು.

ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ ನಮ್ಮ ಯಾರ್ಡ್ ಇತ್ತು. ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳು ಎದ್ದು ನಿಲ್ಲುತ್ತಿದ್ದ ವರ್ಷಗಳವು. ರಾಗಿ ಬೆಳೆಯುತ್ತಿದ್ದ ಹೊಲವೊಂದನ್ನು ನಮ್ಮ ಸಾಗಣೆ ಕಂಪನಿ ಗುತ್ತಿಗೆಗೆ ಪಡೆದು, ಮಟ್ಟ ಮಾಡಿಸಿ, ಜಲ್ಲಿ ಹಾಸಿ, ತಂತಿಬೇಲಿ ಹಾಕಿಸಿತ್ತು. ಬೇರೆ ಬೇರೆ ಕಡೆ ತಯಾರಾದ ಹೊಸ ಕಾರುಗಳು ಅಲ್ಲಿಗೆ ಬಂದು, ಶೋರೂಮುಗಳಿಂದ ಕರೆ ಬರುವವರೆಗೆ ಸಾಲಾಗಿ ನಿಂತಿರುತ್ತಿದ್ದವು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಪ್ರತಿಯೊಂದು ಕಾರನ್ನೂ ನೋಡುವುದು ನನ್ನ ಕೆಲಸ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ, ಮಾಗಡಿ ಆಚೆಯ ತಿಪ್ಪಸಂದ್ರದ ಹುಡುಗಿಗೆ ಅಂಥ ಕೆಲಸ ಸಿಕ್ಕಿದ್ದು ನನಗೂ ನಮ್ಮ ಮನೆಯವರಿಗೂ ಹೆಮ್ಮೆಯ ವಿಷಯವಾಗಿತ್ತು. ನಾನು ಸರಿಯಿದೆ ಎಂದ ಕಾರಷ್ಟೇ ಲಾರಿ ಹತ್ತುತ್ತಿತ್ತು.

ನಮ್ಮ ಮ್ಯಾನೇಜರ್ ಬೆಂಗಳೂರಿನಿಂದ ಓಡಾಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಮೇಲಿನಿಂದ ಫೋನು ಬಂದರೆ ಯಾರ ತಪ್ಪು ಎಂದು ಮೊದಲು ಹುಡುಕಿ, ಆಮೇಲೆ ಏನು ತಪ್ಪು ಎಂದು ನೋಡುವವರು. ಗಾಜೇ ಇಲ್ಲದ ಕವಚಗಳನ್ನು ನೋಡಿದ ದಿನ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಇದು ಕಳ್ಳತನ. ಹಗಲು ಕಾವಲಿನವರ ಭಾವಮೈದ ಕನಕಪುರದಲ್ಲಿ ಗ್ಯಾರೇಜ್ ಇಟ್ಟಿದ್ದಾರಂತೆ, ನಿಮಗೆ ಗೊತ್ತಾ?"

"ಗೊತ್ತು ಸಾರ್. ಅವರೇ ಹೇಳಿದ್ರು."

"ಮತ್ತೆ?"

"ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಾರೆ ಸಾರ್."

ಅವರಿಗೆ ಆ ಉತ್ತರ ಸಾಕಾಗಲಿಲ್ಲ. ಈ ತಿಂಗಳು ಮುಗಿಯುವುದರೊಳಗೆ ನಿಲ್ಲದಿದ್ದರೆ ಕಾವಲಿಗೆ ಬೇರೆಯವರನ್ನು ಹಾಕುತ್ತೇನೆ ಎಂದರು.

ಹಗಲು ಕಾವಲಿನವರು ಮಾಗಡಿ ಹತ್ತಿರದ ಕಲ್ಯದ ಕಡೆಯವರು. ಐವತ್ತು ದಾಟಿದ ಗಟ್ಟಿ ಆಳು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರಿಗೆ ಸುದ್ದಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಮಧ್ಯಾಹ್ನ ಗೇಟಿನ ಬಳಿ ಬುತ್ತಿಯನ್ನೂ ಬಿಚ್ಚದೆ ಕೂತಿದ್ದರು.

"ನಾನ್ಯಾಕವ್ವ ಕನ್ನಡಿ ಕದೀಲಿ? ನಮ್ಮನೇಲಿ ಇರೋ ಕನ್ನಡೀನೇ ನಾನು ನೋಡಲ್ಲ."

"ಗೊತ್ತಣ್ಣ. ಊಟ ಮಾಡಿ."

"ಊಟ ಆಮ್ಯಾಕೆ. ನೀನು ನಂಬ್ತೀಯಾ ಇಲ್ವಾ, ಅದೊಂದು ಯೋಳ್ಬುಡು."

"ನಂಬ್ತೀನಿ" ಎಂದೆ. ಆದರೆ ನನ್ನ ನಂಬಿಕೆಯಿಂದ ಅವರ ಕೆಲಸ ಉಳಿಯುವ ಹಾಗಿರಲಿಲ್ಲ. ಕನ್ನಡಿಗಳಿಗೆ ಏನಾಗುತ್ತಿದೆ ಎಂದು ತಿಳಿಯಬೇಕಿತ್ತು.

ಮರುದಿನ ಕನ್ನಡಿ ಹಾಳಾದ ಕಾರುಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದೆ. ಎಲ್ಲವೂ ಹಿಂದಿನ ಎರಡು ಸಾಲಿನವು, ಗುಡ್ಡದ ಕಡೆಯವು. ಬೇಲಿಯ ಆಚೆ ಒಂದು ದೊಡ್ಡ ಹುಣಸೆ ಮರವಿತ್ತು. ಅದರ ಕೊಂಬೆ ಬೇಲಿ ದಾಟಿ ನಮ್ಮ ಕಾರುಗಳ ಮೇಲೆ ಚಾಚಿಕೊಂಡಿತ್ತು. ಬಾನೆಟ್ ಮೇಲೆ ಧೂಳಿನ ಪದರ. ಬಗ್ಗಿ ಓರೆಯಾಗಿ ನೋಡಿದರೆ ಅದರ ಮೇಲೆ ಅಂಗೈ ಗುರುತುಗಳು, ಮಕ್ಕಳ ಕೈಯಷ್ಟೇ ಸಣ್ಣವು. ಪಕ್ಕದ ಹಳ್ಳಿಯ ಮಕ್ಕಳೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಆ ಗುರುತುಗಳಲ್ಲಿ ಬೆರಳುಗಳು ತೀರ ಉದ್ದವಾಗಿದ್ದವು. ಒಂದು ಕನ್ನಡಿಯ ಕೀಲಿನ ಸಂದಿಯಲ್ಲಿ ಕಂದು ಕೂದಲು ಸಿಕ್ಕಿಹಾಕಿಕೊಂಡಿತ್ತು. ಅದನ್ನು ಬೆರಳಲ್ಲಿ ಹಿಡಿದುಕೊಂಡು ಗುಡ್ಡದ ಕಡೆ ನೋಡಿದೆ. ಏರುತ್ತಿದ್ದ ಬೆಳಗಿನ ಬಿಸಿಲಿಗೆ ಬಂಡೆ ಖಾಲಿಯಾಗಿತ್ತು.

ನಮ್ಮ ಕಾವಲಿನವರು ಯಾಕೆ ನೋಡಲಿಲ್ಲ ಎಂದು ಕೇಳಬಹುದು. ಅವರ ಜಾಗ ಗೇಟು. ಒಂದು ಸುತ್ತು ಹೊಡೆಯುವಾಗ ಬೂಟಿನ ಕೆಳಗೆ ಜಲ್ಲಿ ಕರಕರ ಸದ್ದು ಮಾಡುತ್ತಿತ್ತು. ಮನುಷ್ಯ ಬರುವುದು ಅಷ್ಟು ದೂರದಿಂದಲೇ ಕೇಳಿಸಿದರೆ ಯಾವ ಪ್ರಾಣಿ ತಾನೆ ನಿಂತಿರುತ್ತದೆ?

ಅಂದು ಊಟದ ಹೊತ್ತಿಗೆ ಹಿಂದಿನ ಸಾಲಿನ ಒಂದು ಕಾರಿನ ಹಿಂಬದಿ ಸೀಟಿನಲ್ಲಿ ಮೈ ಕುಗ್ಗಿಸಿ ಕೂತೆ. ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿಕೊಂಡಿದ್ದೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಬೆವರಿಗೆ ಬೆನ್ನಿಗೆ ಅಂಟುತ್ತಿತ್ತು. ಹೊಸ ಕಾರಿನ ವಾಸನೆ ಬಿಸಿಲಿಗೆ ಇನ್ನೂ ದಟ್ಟವಾಗಿ ತಲೆ ಸುತ್ತುವ ಹಾಗಾಯಿತು. ಎದ್ದು ಹೋಗೋಣ ಅಂದುಕೊಳ್ಳುವಷ್ಟರಲ್ಲಿ ಹುಣಸೆ ಕೊಂಬೆ ಅಲ್ಲಾಡಿತು.

ಮೊದಲು ಮರಿಗಳು ಇಳಿದವು. ಕಾರಿನ ಮೇಲೆ ಜಾರಿದವು, ವೈಪರ್ ಎಳೆದು ಬಿಟ್ಟವು, ಕನ್ನಡಿಯಲ್ಲಿ ಇಣುಕಿದವು. ಹೊಟ್ಟೆಗೆ ಮರಿ ಅವಚಿಕೊಂಡಿದ್ದ ಒಂದು ಹೆಣ್ಣು ಕೋತಿ ಪಕ್ಕದ ಕಾರಿನ ಕನ್ನಡಿಯ ಮುಂದೆ ಕೂತು ತುಟಿ ಎತ್ತಿ ಹಲ್ಲು ನೋಡಿಕೊಂಡಿತು. ಮದುವೆ ಮನೆಗೆ ಹೊರಟ ಹೆಂಗಸಿನಷ್ಟೇ ನಿಧಾನ. ಅವು ಯಾವುವೂ ಏನನ್ನೂ ಮುರಿಯಲಿಲ್ಲ.

ಕೊನೆಗೆ ಬಂದದ್ದು ಕಿವಿ ಹರಿದ ಒಂದು ದೊಡ್ಡ ಗಂಡು. ಅದು ಬಂದ ಕೂಡಲೆ ಉಳಿದವು ಜಾಗ ಬಿಟ್ಟವು. ಕನ್ನಡಿಯಲ್ಲಿ ಮುಖ ಕಂಡದ್ದೇ ತಡ, ಹುಬ್ಬು ಮೇಲೇರಿತು, ಹಲ್ಲು ಕಿರಿಯಿತು. ಗಾಜಿನೊಳಗಿನದೂ ಕಿರಿಯಿತು. ಇದು ಗಾಜಿಗೆ ಒಂದು ಏಟು ಕೊಟ್ಟಿತು. ಆಮೇಲೆ ನಿಧಾನವಾಗಿ ಒಂದು ಕೈಯನ್ನು ಕವಚದ ಹಿಂದಕ್ಕೆ ಹಾಕಿ, ಅಲ್ಲಿ ಅಡಗಿಕೊಂಡಿರುವವನನ್ನು ಹಿಡಿಯಲು ತಡಕಾಡಿತು. ಯಾರೂ ಸಿಗಲಿಲ್ಲ. ಮತ್ತೆ ಮುಂದೆ ನೋಡಿದರೆ ಅವನು ಅಲ್ಲೇ ಇದ್ದಾನೆ. ಆಗ ಎರಡೂ ಕೈಯಿಂದ ಗಾಜಿನ ಅಂಚು ಹಿಡಿದು ಕಿತ್ತೇಬಿಟ್ಟಿತು. ತಟ್ಟೆ ಸಮೇತ ಬಂದ ಗಾಜನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಕುಳಲ್ಲಿ ಇಟ್ಟುಕೊಂಡು ಮರ ಹತ್ತಿ ಬಂಡೆಯ ಮೇಲಕ್ಕೆ ಹೋಯಿತು.

ನಾನು ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಗಾಜು ಹೋದ ಆ ಕಾರನ್ನು ಅಂದು ಸಂಜೆಯೇ ಕಳಿಸಬೇಕಿತ್ತು, ಆದರೂ ನಗು ತಡೆಯಲಾಗಲಿಲ್ಲ.

ಮ್ಯಾನೇಜರ್ ನಗಲಿಲ್ಲ. "ಕೋತಿ ಕನ್ನಡಿ ಕದೀತು ಅಂತ ನಾನು ಹೆಡ್ ಆಫೀಸಿಗೆ ಹೇಳ್ಲಾ? ಯಾರು ನೋಡಿದ್ರು ಅಂದ್ರೆ ಏನು ಹೇಳ್ಲಿ?"

"ನಾನೇ ನೋಡಿದೆ ಸಾರ್."

"ನೀವು ಆ ಕಾವಲಿನವರನ್ನ ಅಣ್ಣ ಅಣ್ಣ ಅಂತೀರಿ. ನಿಮ್ಮ ಮಾತು ಅಲ್ಲಿ ಒಪ್ಪಲ್ಲ."

ನನ್ನ ಮೊಬೈಲಿನಲ್ಲಿ ಆಗ ಕ್ಯಾಮೆರಾ ಇರಲಿಲ್ಲ. ಉಳಿದದ್ದು ಒಂದೇ ದಾರಿ, ಗುಡ್ಡ ಹತ್ತುವುದು. ಮಾರನೆಯ ಬೆಳಿಗ್ಗೆ ಕಾವಲಿನ ಅಣ್ಣ, ನಾನು ಮತ್ತು ಜಾಗದ ಮಾಲೀಕರಾದ ಗೌಡರು ಹೊರಟೆವು. ಹುಣಸೆ ಮರವೂ ಅದರಾಚೆಯ ರೇಷ್ಮೆ ಸೊಪ್ಪಿನ ತೋಟವೂ ಗೌಡರವೇ. ಮೇಲಿನ ದಾರಿ ಅವರಿಗೆ ಗೊತ್ತಿತ್ತು.

ಬಂಡೆಯ ಅರ್ಧದಲ್ಲಿ ಒಂದು ಸೀಳು. ಅದರ ನೆರಳಲ್ಲಿ ಕೋತಿಗಳು ಬಿಸಿಲ ಹೊತ್ತು ಕಳೆಯುತ್ತವೆ ಎಂದು ಗೌಡರು ತೋರಿಸಿದರು. ಹುಣಸೆ ಸಿಪ್ಪೆ, ಬೀಜ, ಒಣಗಿದ ಹಿಕ್ಕೆ. ಅವುಗಳ ನಡುವೆ ನಮ್ಮ ಗಾಜುಗಳು ಬಿದ್ದಿದ್ದವು. ಒಂದೆರಡು ಇಡಿಯಾಗಿದ್ದವು, ಉಳಿದವು ಚೂರು. ಒಂದರಲ್ಲಿ ಆಕಾಶದ ತುಂಡೊಂದು ಹೊಳೆಯುತ್ತಿತ್ತು.

ಗೌಡರು ಒಂದನ್ನು ಎತ್ತಿ ಮೀಸೆ ನೋಡಿಕೊಂಡರು. "ಆಹಾ, ನಮ್ಮನೆ ಕನ್ನಡಿಗಿಂತ ಚೆಂದಾಗಿ ಕಾಣ್ತದಲ್ಲಯ್ಯ."

ಕಾವಲಿನ ಅಣ್ಣ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ಆರಿಸಿ ಗೋಣಿಚೀಲಕ್ಕೆ ಹಾಕಿದರು. ಕೆಳಗಿಳಿಯುವಾಗ ಚೀಲವನ್ನು ನನಗೆ ಹೊರಲು ಬಿಡಲಿಲ್ಲ.

ಮ್ಯಾನೇಜರರ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಅವನ್ನು ಇಟ್ಟೆವು. ಅವರು ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಎತ್ತಿ ತಿರುಗಿಸಿ ನೋಡಿದರು. ಅದರ ಅಂಚಿನಲ್ಲಿ ಕೋರೆಹಲ್ಲಿನ ಗುರುತು ಆಳವಾಗಿ ಇಳಿದಿತ್ತು. ಅದನ್ನು ಮತ್ತೆ ಪತ್ರಿಕೆಯ ಮೇಲೆ ಇಟ್ಟರು. ಆಮೇಲೆ ಕಾವಲಿನ ಅಣ್ಣನ ಕಡೆ ತಿರುಗಿ, "ಕೂತ್ಕೊಳ್ಳಿ. ಟೀ ತರಿಸ್ತೀನಿ" ಎಂದರು. ಅಣ್ಣ ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಅಲ್ಲಿಗೆ ಒಬ್ಬರ ಕೆಲಸ ಉಳಿಯಿತು. ಕನ್ನಡಿಗಳು ಉಳಿಯಲಿಲ್ಲ. ಕಾರಣ ಗೊತ್ತಾದ ಮೇಲೆ ಅದನ್ನು ತಡೆಯುವ ಹೊಣೆ ನನ್ನ ತಲೆಗೆ ಬಂತು.

ಮೊದಲು ಪಟಾಕಿ. ಕೋತಿಗಳು ಎದ್ದೆವೋ ಬಿದ್ದೆವೋ ಎಂದು ಓಡಿದವು. ಎರಡು ದಿನದಲ್ಲಿ ಅದಕ್ಕೆ ಹೊಂದಿಕೊಂಡು, ಸದ್ದಾದರೆ ಕಾರಿನ ಕೆಳಗೆ ತೂರಿ, ಹೊಗೆ ಕಳೆದ ಮೇಲೆ ಹೊರಗೆ ಬರತೊಡಗಿದವು. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ಕಾರುಗಳ ನಡುವೆ ಪಟಾಕಿ ಹೊಡೆಯುವುದು ನನಗೂ ಸರಿ ಕಾಣಲಿಲ್ಲ.

ಆಮೇಲೆ ಕನ್ನಡಿಗಳನ್ನು ಒಳಕ್ಕೆ ಮಡಚಿ ನೋಡಿದೆ. ಅಗ್ಗದ ಮಾದರಿಗಳಿಗೆ ಆಗ ಬಲಗಡೆ ಮಾತ್ರ ಕನ್ನಡಿ ಇರುತ್ತಿತ್ತು, ಅದೂ ಮಡಚುವಂಥದ್ದಲ್ಲ. ಉಳಿದವುಗಳಲ್ಲಿ ಮಡಚಿದ್ದನ್ನು ದೊಡ್ಡ ಗಂಡು ಒಂದೇ ದಿನದಲ್ಲಿ ಬಿಚ್ಚಲು ಕಲಿಯಿತು. ಬಿಚ್ಚುವ ರಭಸಕ್ಕೆ ಕೀಲು ಸಡಿಲವಾಗಿ, ಗಾಜಿನ ಜೊತೆ ಕವಚವನ್ನೂ ಬದಲಿಸುವ ಕೆಲಸ ಗಂಟುಬಿತ್ತು. ಬಾಗಿಲಿನ ಒಳಗಡೆಯ ಮುಕ್ಕೋನದ ಮುಚ್ಚಳ ತೆಗೆದು, ಸ್ಕ್ರೂ ಬಿಚ್ಚಿ, ಹೊಸ ಕವಚ ಕೂರಿಸಿ, ಗಾಜು ಒತ್ತುವುದು. ಬೇಸಿಗೆ ಏರುತ್ತಿದ್ದ ಹಾಗೆ ಆ ಕೆಲಸ ನನಗೆ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿಯಾಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಹಿಂದಿನ ಎರಡು ಸಾಲಿನ ಕನ್ನಡಿಗಳಿಗೆಲ್ಲ ಪ್ಲಾಸ್ಟಿಕ್ ಚೀಲ ತೊಡಿಸಿ ದಾರ ಕಟ್ಟಿಸಿದೆ. ಒಳಗಿರುವುದು ಕಾಣದಿದ್ದರೆ ಸಿಟ್ಟೂ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಆದರೆ ಚೀಲ ಎಂದರೆ ಅದರೊಳಗೆ ಬಾಳೆಹಣ್ಣು, ಪುರಿ ಇರುತ್ತದೆ ಎಂದು ರಸ್ತೆ ಬದಿಯ ಕೋತಿಗಳಿಗೆ ಗೊತ್ತಿಲ್ಲವೇ? ಅಲ್ಲಿಯವರೆಗೆ ಒಂದು ಗಂಡು ಮಾತ್ರ ಕೀಳುತ್ತಿದ್ದದ್ದು, ಅಂದು ಇಡೀ ಹಿಂಡು ಕಿತ್ತಿತು. ಊಟ ಮುಗಿಸಿ ಬಂದಾಗ ಜಲ್ಲಿಯ ಮೇಲೆ ಚೀಲದ ಚಿಂದಿ ಹಾರಾಡುತ್ತಿತ್ತು. ಹಲ್ಲು ನೋಡಿಕೊಳ್ಳುತ್ತಿದ್ದ ಆ ತಾಯಿಕೋತಿಯೂ ಒಂದು ಗಾಜು ಕೈಯಲ್ಲಿ ಹಿಡಿದು ಕೂತಿತ್ತು.

ಮ್ಯಾನೇಜರ್ ಅಂದು ಸಂಜೆ ಗೌಡರನ್ನು ಕರೆಸಿದರು.

"ಗೌಡ್ರೇ, ಆ ಹುಣಸೆ ಮರ ಕಡಿಸ್ಬೇಕು. ಕೋತಿ ಹಿಡಿಯೋರಿಗೂ ಹೇಳಿದ್ದೀನಿ, ತಿಂಗಳ ಕೊನೆಗೆ ಬೋನು ತರ್ತಾರೆ."

ಗೌಡರು ಕೂಗಾಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹಾಸಿಕೊಂಡು ಕೂತರು.

"ಮರ ನಮ್ಮಪ್ಪ ನೆಟ್ಟಿದ್ದು. ಕೋತಿಗೋಳು ಅದಕ್ಕಿಂತ ಮುಂಚಿಂದ ಅವೆ. ನೀವು ಬಂದು ಎಷ್ಟ್ ದಿನ ಆಯ್ತು ಸಾಮಿ? ಮರಕ್ಕೆ ಕೊಡ್ಲಿ ಬಿದ್ರೆ ನೀವು ಜಾಗ ಖಾಲಿ ಮಾಡ್ಕೊಂಡು ಹೊಂಟೋಗಿ. ನಾನು ರಾಗಿ ಬಿತ್ಕತೀನಿ."

ಅವರು ಹೆದರಿಸುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದರು. ಜಾಗ ಹೋದರೆ ಯಾರ್ಡ್ ಹೋಗುತ್ತದೆ, ಯಾರ್ಡ್ ಹೋದರೆ ಅಲ್ಲಿ ದುಡಿಯುವ ನಾವೆಲ್ಲರೂ ಹೋಗುತ್ತೇವೆ. ಇಬ್ಬರೂ ಮಾತು ನಿಲ್ಲಿಸಿದಾಗ ನಾನು ಬಾಯಿ ಹಾಕಿದೆ.

"ಸಾರ್, ಮರಾನೂ ಬೇಡ, ಬೋನೂ ಬೇಡ. ಇಷ್ಟು ದಿನ ಅವು ಬರದೇ ಇರೋ ಹಾಗೆ ಮಾಡೋಕೆ ಹೋಗಿ ಕೆಟ್ವಿ. ಬಂದ್ರೆ ಬರ್ಲಿ. ಬಂದಾಗ ಆ ಗಂಡಿಗೆ ಇನ್ನೊಂದು ಗಂಡು ಕಾಣ್ದಿದ್ರೆ ಸಾಕು."

"ಅದನ್ನೇ ಅಲ್ವಾ ಚೀಲ ಹಾಕಿ ಮಾಡಿದ್ದು?"

"ಚೀಲ ಅಲ್ಲ ಸಾರ್. ಬೇರೆ ಏನಾದ್ರೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಿಮ್ಮಿಷ್ಟ."

ಏನು ನೋಡುತ್ತೇನೆ ಎಂಬುದು ಆ ಕ್ಷಣದಲ್ಲಿ ನನಗೂ ಗೊತ್ತಿರಲಿಲ್ಲ. ಮಾರನೆಯ ದಿನ ಬಸ್ಸಿನಲ್ಲಿ ಬರುವಾಗ ಕಂಡಿತು. ಮಾಗಡಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಅಂಗಡಿಗೆ ದೊಡ್ಡ ಗಾಜು ಹಾಕಿದ್ದರು. ಯಾರೂ ಗೊತ್ತಾಗದೆ ಹೋಗಿ ಡಿಕ್ಕಿ ಹೊಡೆಯದಿರಲಿ ಎಂದು ಅದರ ಮೇಲೆಲ್ಲ ಬಿಳಿ ಬಳಿದಿದ್ದರು. ಅದು ಚೀಲವಲ್ಲ, ಹಿಡಿದು ಎಳೆಯಲು ತುದಿಯೂ ಇಲ್ಲ.

ಮೊದಲು ರಂಗೋಲಿ ಪುಡಿ ಕಲಸಿ, ಒಡೆದ ಗಾಜಿನ ಮೇಲೆ ಬಳಿದು ನೋಡಿದೆ. ಒರೆಸಿದಾಗ ಸಣ್ಣ ಗೀರುಗಳು ಉಳಿದವು. ಅದರಲ್ಲಿ ಕಲ್ಲಿನ ಹರಳು ಇರುತ್ತದೆ. ಶಾಲೆಯ ಸೀಮೆಸುಣ್ಣ ತಂದು, ನೆನೆಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿದೆ. ಅದು ಗೀರಲಿಲ್ಲ. ಸ್ಪಂಜಿನಿಂದ ಗಾಜಿಗೆ ಮಾತ್ರ ತೆಳುವಾಗಿ ಸವರಿ ಒಣಗಿಸಿದರೆ ಕನ್ನಡಿ ಗೋಡೆಯ ಹಾಗೆ ಆಯಿತು. ಹಿಂದಿನ ಸಾಲಿಗೆ ಬಳಿದು ಕಾದೆವು. ಮರಿಗಳು ಬಂದು ಮೂಸಿದವು. ಗಂಡು ಬಂದು ನೋಡಿ, ಮುಂದಕ್ಕೆ ನಡೆಯಿತು. ನಾನೂ ಅಣ್ಣನೂ ಒಂದೇ ಕಾರಿನಲ್ಲಿ ಕೂತು ಅದನ್ನು ನೋಡಿದೆವು. ಅಣ್ಣ ನನ್ನ ಮೊಣಕೈ ತಿವಿದರು.

ಮೂರು ದಿನ ಒಂದು ಗಾಜೂ ಹೋಗಲಿಲ್ಲ. ನಾಲ್ಕನೆಯ ದಿನ ಮಳೆ ಬಂತು. ಸುಣ್ಣವೆಲ್ಲ ಇಳಿದು ಕಪ್ಪು ಕವಚದ ಮೇಲೆ ಬಿಳಿ ಗೆರೆ ಬಿದ್ದವು. ಅದನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯುವುದಕ್ಕೆ ಸಂಜೆಯಾಯಿತು.

ಅಂಟು ಹಿಡಿಯಲಿ ಎಂದು ಸುಣ್ಣಕ್ಕೆ ಅಕ್ಕಿ ಗಂಜಿ ಬೆರೆಸಿದೆ. ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿಯಾಗಿ ನಿಂತಿತು. ಸಣ್ಣ ಹನಿಗೆ ಅಲುಗಲಿಲ್ಲ. ಮಧ್ಯಾಹ್ನ ಹಿಂಡು ಇಳಿದು ಬಂದು, ಒಂದೊಂದು ಕಾರಿಗೆ ಎರಡು ಮೂರರಂತೆ ಕೂತು, ಪಾಯಸದ ತಟ್ಟೆ ನೆಕ್ಕಿದ ಹಾಗೆ ಕನ್ನಡಿಗಳನ್ನೆಲ್ಲ ಫಳಫಳ ಎನ್ನುವಂತೆ ನೆಕ್ಕಿ ಬಿಟ್ಟವು. ಆಮೇಲೆ ದೊಡ್ಡ ಗಂಡು ಬಂತು. ಮುಂದಿನದನ್ನು ಹೇಳಬೇಕಾಗಿಲ್ಲ.

"ಚೆನ್ನಾಗಿ ಬಡಿಸಿದ್ದೀಯ ಕಣವ್ವ. ಒಸಿ ಉಪ್ಪಿನಕಾಯಿ ಇಟ್ಟಿದ್ರೆ ಆಗೋಗಿತ್ತು" ಎಂದರು ಅಣ್ಣ.

ಮ್ಯಾನೇಜರ್ ಕ್ಯಾಲೆಂಡರ್ ಕಡೆ ನೋಡಿದರು, ಅಷ್ಟೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ನಮ್ಮಕ್ಕ ನೆನಪಾದಳು. ಮಗುವಿಗೆ ಎದೆಹಾಲು ಬಿಡಿಸುವಾಗ ಅವಳು ಬೇವಿನ ರಸ ಸವರಿಕೊಂಡಿದ್ದಳು. ಒಂದೇ ಸಲಕ್ಕೆ ಮಗು ಮುಖ ಹಿಂಡಿ ತಿರುಗಿಸಿಕೊಂಡಿತ್ತು. ಬೆಳಿಗ್ಗೆ ಗೌಡರ ಮನೆಯವರನ್ನು ಕೇಳಿ ಅವರ ಒಲೆಯ ಮೇಲೆಯೇ ಒಂದು ಮಡಕೆ ಬೇವಿನ ಸೊಪ್ಪು ಕುದಿಸಿದೆ. ಆ ನೀರಿನಲ್ಲೇ ಗಂಜಿ ಕಾಯಿಸಿ, ಸೀಮೆಸುಣ್ಣ ಬೆರೆಸಿ, ಸೋಸಿದೆ. ಬೆರಳ ತುದಿಯಿಂದ ಒಂದು ಚೂರು ನಾಲಿಗೆಗೆ ಇಟ್ಟುಕೊಂಡು ನೋಡಿದೆ. ಮಧ್ಯಾಹ್ನದವರೆಗೂ ಅದು ಬಾಯಿಂದ ಹೋಗಲಿಲ್ಲ.

ಕೋತಿಗಳಿಗೂ ಹಾಗೇ ಆಗಿರಬೇಕು. ಮೊದಲ ಮರಿ ನೆಕ್ಕಿ, ತಲೆ ಕೊಡವಿ, ನಾಲಿಗೆಯನ್ನು ಅಂಗೈಗೆ ಉಜ್ಜಿಕೊಂಡಿತು. ಇನ್ನೊಂದು ಅದನ್ನು ನೋಡಿಯೂ ನೆಕ್ಕಿತು. ಮೂರನೆಯದು ಹತ್ತಿರ ಹೋಗಿ ಮೂಸಿ ಹಿಂದೆ ಸರಿಯಿತು. ದೊಡ್ಡ ಗಂಡು ಸಾಲಿನುದ್ದಕ್ಕೂ ಬಾನೆಟ್‌ನಿಂದ ಬಾನೆಟ್‌ಗೆ ಹಾರುತ್ತ ಪ್ರತಿ ಕನ್ನಡಿಯ ಮುಂದೆಯೂ ನಿಂತು ನೋಡಿತು. ಒಂದೆರಡು ಕಡೆ ಕವಚದ ಹಿಂದೆ ಕೈ ಹಾಕಿಯೂ ನೋಡಿತು. ಕೊನೆಯ ಕಾರಿನ ಮೇಲೆ ಕೂತು ಸುತ್ತಲೂ ಒಮ್ಮೆ ಕಣ್ಣಾಡಿಸಿತು. ಎದುರಾಳಿಗಳೆಲ್ಲ ಊರು ಬಿಟ್ಟು ಹೋದರೆಂದು ಅದಕ್ಕೆ ಅನ್ನಿಸಿರಬೇಕು. ಬೆನ್ನು ನೆಟ್ಟಗೆ ಮಾಡಿಕೊಂಡು ಬಿಸಿಲು ಕಾಯಿಸಿಕೊಂಡಿತು.

ತಿಂಗಳ ಕೊನೆಗೆ ಬೋನಿನವರು ಫೋನು ಮಾಡಿದಾಗ ಮ್ಯಾನೇಜರ್ ಬೇಡವೆಂದರು. ಗೌಡರು ಅದನ್ನು ಕೇಳಿ ಒಂದು ಮೂಟೆ ಹುಣಸೆ ಹಣ್ಣನ್ನು ಆಫೀಸಿಗೆ ಕಳಿಸಿಕೊಟ್ಟರು.

ಅಲ್ಲಿಂದ ಮುಂದೆ ನನ್ನ ದಿನ ಬಿಳಿ ಕನ್ನಡಿಗಳಿಂದ ಶುರುವಾಗುತ್ತಿತ್ತು. ಅಂದು ಹೊರಡುವ ಕಾರುಗಳನ್ನು ಮುಂದೆ ತರಿಸಿ, ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸುವುದು. ಬಟ್ಟೆ ಸರಿದ ಕಡೆ ಬಂಡೆ, ಮರ, ನನ್ನ ಕಣ್ಣು ಮೂಡುತ್ತಿದ್ದವು. ಆ ಹೊತ್ತಿನ ಕೆಲಸವನ್ನು ನಾನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಹೊಸ ಕಾರು ಬಂದರೆ ಇಳಿಸಿದ ಕೂಡಲೆ ಅಣ್ಣ ಸ್ಪಂಜು ಹಿಡಿದು ನಿಲ್ಲುತ್ತಿದ್ದರು.

ಒಂದು ದಿನ ತಪ್ಪಿತು. ಲಾರಿ ಬೇಗ ಬಂದಿತ್ತು, ಗಡಿಬಿಡಿಯಲ್ಲಿ ಒಂದು ಕಾರಿನ ಕನ್ನಡಿ ಒರೆಸದೆ ಹೋಗಿಬಿಟ್ಟಿತು. ಮರುದಿನ ಚಾಮರಾಜನಗರದ ಕಡೆಯ ಶೋರೂಮಿನವರು ನೇರವಾಗಿ ನನಗೇ ಫೋನು ಮಾಡಿದರು.

"ಏನ್ರೀ ಇದು, ಕನ್ನಡಿಗೆ ಸುಣ್ಣ ಹೊಡೆದು ಕಳ್ಸಿದ್ದೀರಿ? ಗಿರಾಕಿ ಪೂಜೆಗೆ ಬಂದು ನಿಂತಿದ್ದಾರೆ."

ಕ್ಷಮೆ ಕೇಳಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಗಾಜಿಗೆ ಏನೂ ಆಗಿರುವುದಿಲ್ಲ ಎಂದೆ. ಯಾಕೆ ಹಚ್ಚಿದಿರಿ ಎಂದು ಕೇಳಿದರು. ಹೇಳಿದರೆ ನಗುತ್ತಾರೆ ಎಂದು ಗೊತ್ತಿದ್ದರೂ ಕೋತಿಯ ಕತೆಯನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಸಿಟ್ಟಾದರು ಅಂದುಕೊಂಡೆ.

"ಒಂದು ದೊಡ್ಡ ಗಂಡು ಮಾತ್ರ ಕೀಳೋದಾ?" ಎಂದರು, ದನಿ ತಗ್ಗಿಸಿ.

"ಹೌದು ಸಾರ್."

"ಕವರ್ ಹಾಕಿದ್ರೆ ಎಲ್ಲಾ ಸೇರ್ಕೊಂಡು ಕೀಳ್ತವೆ?"

"ಹೌದು ಸಾರ್."

"ಒಂದ್ನಿಮಿಷ ಇರಿ, ಪೆನ್ನು ತಗೋತೀನಿ" ಎಂದರು. ಕುರ್ಚಿ ಎಳೆದ ಸದ್ದು ಕೇಳಿಸಿತು. "ಹೂಂ, ಹೇಳಿ ಮೇಡಂ. ಬೇವಿನ ಸೊಪ್ಪು ಎಷ್ಟು ಹಾಕ್ಬೇಕು?"